ಕಥೆ ಮರೆತ ಮನುಷ್ಯರು

2020ರಲ್ಲಿ, ಕೊರೊನಾ ಕಾಲದ ಲಾಕ್‌ಡೌನ್ ದಿನಗಳಲ್ಲಿ, ನಮ್ಮ ನಾಡಿನ ಅನೇಕ ಮನೆಗಳಿಗೆ ಕೊರಿಯಾದ ಧಾರಾವಾಹಿಗಳು ಸದ್ದಿಲ್ಲದೆ ಬಂದು ಸೇರಿದವು. ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಿತ್ತು. ಮಕ್ಕಳ ಕೈಯಲ್ಲಿ ಮೊಬೈಲ್ ಇತ್ತು, ಮುಂದೆ ಮುಗಿಯದ ಹಗಲುಗಳಿದ್ದವು. ನಮ್ಮ ಮನೆಗೆ ಅವು ಬಂದದ್ದು ಮಗಳ ಮೂಲಕ. ಸಂಜೆಯಾದರೆ ಅವಳು ಟಿವಿ ಮುಂದೆ ಕೂರುತ್ತಿದ್ದಳು. ಬೇರೆ ಕೆಲಸವಿಲ್ಲದ ನನ್ನ ಅಮ್ಮನೂ ಪಕ್ಕದಲ್ಲಿ ಕೂರುತ್ತಿದ್ದರು. ಅಮ್ಮನಿಗೆ ಕೊರಿಯನ್ ಬಾರದು, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಲೂ ಬಾರದು. ಮೊಮ್ಮಗಳು ಆಗಾಗ ಎರಡು ಮಾತಿನಲ್ಲಿ ಕಥೆ ಹೇಳುತ್ತಿದ್ದಳು. ಉಳಿದದ್ದನ್ನು ಅಮ್ಮ ಮುಖಗಳನ್ನು ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಹಾಗೆ ನಾವು ಮೂವರೂ ನೋಡಿದ ಒಂದು ಧಾರಾವಾಹಿ 'ದ ಕಿಂಗ್: ಎಟರ್ನಲ್ ಮೊನಾರ್ಕ್'. ದಕ್ಷಿಣ ಕೊರಿಯಾದ ಎಸ್‌ಬಿಎಸ್ ವಾಹಿನಿಯಲ್ಲಿ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ 16 ಕಂತುಗಳಲ್ಲಿ ಪ್ರಸಾರವಾದ, ನೆಟ್‌ಫ್ಲಿಕ್ಸ್ ಮೂಲಕ ಭಾರತಕ್ಕೂ ಬಂದ ಪ್ರೇಮಕಥೆ ಅದು. ಕೊನೆಯ ಕಂತು ಮುಗಿದಾಗ ಮಗಳು ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದರು: "ಅದೇ ಮುಖದ ಆ ಇನ್ನೊಬ್ಬಳು ಇದ್ದಳಲ್ಲ, ಯಾರೂ ಇಲ್ಲದವಳು, ಅವಳ ಕಥೆ ಇಷ್ಟೇನಾ?"

"ಅವಳು ಮುಖ್ಯ ಅಲ್ಲ ಅಜ್ಜಿ" ಎಂದಳು ಮಗಳು.

"ಮುಖ್ಯ ಅಲ್ಲದಿದ್ದರೆ ಯಾಕೆ ಕರೆತಂದರು?"

ಮಗಳು ನಕ್ಕುಬಿಟ್ಟಳು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೇಲ್ನೋಟಕ್ಕೆ ಅದು ಒಂದು ಧಾರಾವಾಹಿಯ ದೋಷದ ಬಗ್ಗೆ ಕೇಳಿದ ಪ್ರಶ್ನೆ. ಆದರೆ ಅದರೊಳಗೆ ಕಥೆ ಹೇಳುವವರ ಹೊಣೆಗಾರಿಕೆಯ ಪ್ರಶ್ನೆಯಿದೆ, ಕಥೆ ಕೇಳುವ ನಮ್ಮೆಲ್ಲರ ನೋಟದ ಪ್ರಶ್ನೆಯೂ ಇದೆ.

ಮೊದಲು ಕಥೆಯನ್ನು ಸ್ವಲ್ಪ ಹೇಳಬೇಕು. ಇಲ್ಲಿ ಎರಡು ಲೋಕಗಳಿವೆ. ಒಂದು, ನಾವು ಬಲ್ಲ ಇಂದಿನ ದಕ್ಷಿಣ ಕೊರಿಯಾ. ಇನ್ನೊಂದು, ಅದರ ಪಕ್ಕದಲ್ಲೇ ಕಣ್ಣಿಗೆ ಕಾಣದೆ ಇರುವ ಕೊರಿಯಾ ಸಾಮ್ರಾಜ್ಯ. ಅಲ್ಲಿ ಪ್ರಧಾನಿಯೂ ಇದ್ದಾರೆ, ಸಿಂಹಾಸನವೂ ಉಳಿದಿದೆ. ಬೂಸಾನ್ ನಗರದಲ್ಲಿ ಅರಮನೆಯಿದೆ. ಈ ಲೋಕದಲ್ಲಿರುವವರ ಮುಖವನ್ನೇ ಹೊತ್ತವರು ಆ ಲೋಕದಲ್ಲೂ ಇದ್ದಾರೆ. ಮುಖ ಒಂದೇ, ಬದುಕು ಬೇರೆ. 1994ರ ಒಂದು ರಾತ್ರಿ ರಾಜನ ಮಲಸಹೋದರ ಲೀ ಲಿಮ್ ಸಿಂಹಾಸನದ ಮನೆಗೆ ನುಗ್ಗಿ ರಾಜನನ್ನು ಕೊಲ್ಲುತ್ತಾನೆ. ಅವನಿಗೆ ಬೇಕಾಗಿದ್ದದ್ದು ಒಂದು ಮಾಯದ ಕೊಳಲು. ಎಂಟು ವರ್ಷದ ರಾಜಕುಮಾರ ಲೀ ಗೋನ್ ಕತ್ತಿಯೆತ್ತಿ ಬೀಸಿದಾಗ ಆ ಕೊಳಲು ಎರಡು ತುಂಡಾಗುತ್ತದೆ. ಒಂದು ತುಂಡಿನೊಂದಿಗೆ ಕೊಲೆಗಾರ ಈ ಲೋಕಕ್ಕೆ ತಪ್ಪಿಸಿಕೊಳ್ಳುತ್ತಾನೆ. 25 ವರ್ಷಗಳ ನಂತರ, ಗಣಿತಜ್ಞನೂ ಆಗಿರುವ ತರುಣ ಸಾಮ್ರಾಟ ಲೀ ಗೋನ್ ಬಿಳಿ ಕುದುರೆಯೇರಿ ಸಿಯೋಲ್ ನಗರದ ನಡುರಸ್ತೆಗೆ ಬಂದಿಳಿಯುತ್ತಾನೆ. ಅಲ್ಲಿ ಪೊಲೀಸ್ ಅಧಿಕಾರಿ ಜಂಗ್ ತೇ-ಉಲ್ ಎಂಬವಳನ್ನು ಕಂಡು ಪ್ರೀತಿಸುತ್ತಾನೆ.

ಕೊಳಲಿನ ಕಲ್ಪನೆ ಧಾರಾವಾಹಿಯದ್ದಲ್ಲ. 13ನೆಯ ಶತಮಾನದಲ್ಲಿ ಬೌದ್ಧ ಭಿಕ್ಷು ಇರ್ಯನ್ ಸಂಕಲಿಸಿದ 'ಸಂಗುಕ್ ಯುಸಾ' ಎಂಬ ಗ್ರಂಥದಲ್ಲಿ ಅದರ ಐತಿಹ್ಯವಿದೆ. 7ನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲ್ಲಾ ರಾಜ್ಯವನ್ನು ಆಳಿದ ಸಿನ್ಮುನ್ ಎಂಬ ದೊರೆಗೆ ಸಮುದ್ರದಲ್ಲಿ ತೇಲಿಬಂದ ಬೆಟ್ಟವೊಂದರ ಮೇಲಿನ ಬಿದಿರು ಸಿಕ್ಕಿತಂತೆ. ಆ ಬಿದಿರು ಹಗಲಲ್ಲಿ ಎರಡಾಗುತ್ತಿತ್ತು, ರಾತ್ರಿ ಒಂದಾಗುತ್ತಿತ್ತು. ಒಂದೇ ಕೈಯಿಂದ ಚಪ್ಪಾಳೆಯಾಗದು, ಎರಡು ಸೇರಿದರೆ ಮಾತ್ರ ನಾದ ಎಂಬುದು ಅದರ ಒಳಾರ್ಥ. ಅದರಿಂದ ಮಾಡಿದ ಕೊಳಲನ್ನು ಊದಿದರೆ ಶತ್ರು ಸೇನೆ ಹಿಮ್ಮೆಟ್ಟುತ್ತಿತ್ತು, ರೋಗಗಳು ವಾಸಿಯಾಗುತ್ತಿದ್ದವು, ಬರಗಾಲದಲ್ಲಿ ಮಳೆ ಬರುತ್ತಿತ್ತು, ಎದ್ದ ಅಲೆಗಳು ಶಾಂತವಾಗುತ್ತಿದ್ದವು. 'ಹತ್ತು ಸಾವಿರ ಅಲೆಗಳನ್ನು ತಣಿಸುವ ಕೊಳಲು' ಎಂಬುದೇ ಅದರ ಹೆಸರಿನ ಅರ್ಥ.

ಗಮನಿಸಬೇಕಾದ ಸಂಗತಿಯೆಂದರೆ, ಐತಿಹ್ಯದ ಆ ಕೊಳಲು ಒಬ್ಬರ ಸುಖಕ್ಕಾಗಿ ಇದ್ದದ್ದಲ್ಲ. ಅದು ನಾಡಿನದ್ದು. ಅದರ ನಾದ ಕೇಳಿಸಬೇಕಾದದ್ದು ರೋಗಿಗೆ, ರೈತನಿಗೆ, ಯುದ್ಧದ ಭಯದಲ್ಲಿದ್ದವನಿಗೆ. ಧಾರಾವಾಹಿಯಲ್ಲಿ ಅದು ಮುಖ್ಯವಾಗಿ ಇಬ್ಬರು ಪ್ರೇಮಿಗಳ ನಡುವಿನ ಬಾಗಿಲಿಗೆ ಬೀಗದ ಕೈಯಾಗುತ್ತದೆ. ಸಾರ್ವಜನಿಕವಾದದ್ದೊಂದು ಖಾಸಗಿಯಾಯಿತು. ಈ ಕಥೆ ತಪ್ಪಿದ ದಾರಿಯ ಮೊದಲ ಗುರುತು ನನಗೆ ಕಾಣುವುದು ಇಲ್ಲಿ.

ಆದರೂ ಇದರ ಮೂಲ ಕಲ್ಪನೆ ಎಷ್ಟು ದೊಡ್ಡದು ನೋಡಿ. ನಿಮ್ಮದೇ ಮುಖ, ನಿಮ್ಮದೇ ಧ್ವನಿ ಇರುವ ಇನ್ನೊಬ್ಬರು ಇನ್ನೆಲ್ಲೋ ಬದುಕುತ್ತಿದ್ದಾರೆ. ನೀವು ಉಂಡು ಮಲಗುವ ಹೊತ್ತಿಗೆ ಅವರು ಹಸಿದು ಮಲಗುತ್ತಿದ್ದಾರೆ. ನೀವು ನ್ಯಾಯ ಕಾಯುವ ಅಧಿಕಾರಿಯಾದಿರಿ, ಅವರು ಕಳ್ಳರಾದರು. ಇದರಲ್ಲಿ ನಿಮ್ಮ ಪುರುಷಾರ್ಥ ಎಷ್ಟು? ಅವರ ಅಪರಾಧ ಎಷ್ಟು? ಬ್ರಿಟನ್ನಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ ಎಂಬ ಇಬ್ಬರು ತತ್ವಜ್ಞಾನಿಗಳು 1976ರಲ್ಲಿ ಈ ಪ್ರಶ್ನೆಯನ್ನು 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆಗೆ ತಂದರು. ನಾವು ಒಬ್ಬರನ್ನು ಒಳ್ಳೆಯವರೆಂದು ಹೊಗಳುವಾಗ, ಇನ್ನೊಬ್ಬರನ್ನು ಕೆಟ್ಟವರೆಂದು ತೆಗಳುವಾಗ, ಅವರ ಕೈಯಲ್ಲೇ ಇರದಿದ್ದ ಎಷ್ಟೋ ಸಂಗತಿಗಳಿಗೂ ಸೇರಿಸಿ ಬೆಲೆ ಕಟ್ಟುತ್ತಿರುತ್ತೇವೆ. ಹುಟ್ಟಿದ ಮನೆ, ಸಿಕ್ಕ ತಾಯಿ, ಎದುರಾದ ಕಾಲ, ಇವು ಯಾವುವೂ ನಾವು ಆರಿಸಿಕೊಂಡವಲ್ಲ.

ತತ್ವಜ್ಞಾನಿಗಳು ಪುಟಗಟ್ಟಲೆ ಬರೆದು ವಿವರಿಸಿದ್ದನ್ನು ಈ ಧಾರಾವಾಹಿ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬಹುದಿತ್ತು. ಜಂಗ್ ತೇ-ಉಲ್ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಆದರೆ ಅವಳಿಗೆ ಟೇಕ್ವಾಂಡೊ ಶಾಲೆ ನಡೆಸುವ ಪ್ರೀತಿಯ ತಂದೆಯಿದ್ದಾನೆ, ಗೆಳೆಯರಿದ್ದಾರೆ, ಮೇಲೆ ಕಣ್ಣಿಟ್ಟು ಕಾಯುವ ಸಹೋದ್ಯೋಗಿಗಳಿದ್ದಾರೆ. ಆ ಲೋಕದಲ್ಲಿ ಅವಳ ಮುಖ ಹೊತ್ತವಳು ಲೂನಾ. ಅನಾಥೆ, ಬೀದಿಯಲ್ಲಿ ಬೆಳೆದವಳು, ಪೊಲೀಸರಿಗೆ ಬೇಕಾದ ಅಪರಾಧಿ, ಸಾಲದ್ದಕ್ಕೆ ವಾಸಿಯಾಗದ ಕಾಯಿಲೆಯವಳು. ಎರಡೂ ಪಾತ್ರಗಳನ್ನು ಕಿಮ್ ಗೋ-ಉನ್ ಎಂಬ ಒಬ್ಬಳೇ ನಟಿ ಮಾಡಿದ್ದಾಳೆ, ಚೆನ್ನಾಗಿಯೇ ಮಾಡಿದ್ದಾಳೆ. ನನ್ನ ಅಮ್ಮ ಮೊದಮೊದಲು ಇಬ್ಬರನ್ನೂ ಒಬ್ಬಳೇ ಎಂದುಕೊಂಡಿದ್ದರು. ಆಮೇಲೆ ನಡಿಗೆ ನೋಡಿಯೇ ಗುರುತಿಸತೊಡಗಿದರು. "ಇವಳು ಮನೆಯಿರುವವಳು, ಅವಳು ಮನೆಯಿಲ್ಲದವಳು" ಎನ್ನುತ್ತಿದ್ದರು.

ಈ ಇಬ್ಬರೂ ಮುಖಾಮುಖಿಯಾದಾಗ ಏನು ನಡೆಯಬೇಕಿತ್ತು? 'ನನಗೆ ಸಿಕ್ಕಿದ್ದು ನಿನಗೆ ಯಾಕೆ ಸಿಗಲಿಲ್ಲ' ಎಂಬ ಮಾತು ಎದ್ದೇಳಬೇಕಿತ್ತು. ಕಾನೂನು ಕಾಯುವವಳು ತನ್ನದೇ ಮುಖದ ಅಪರಾಧಿಯನ್ನು ಕಂಡಾಗ ಅವಳ ಕಾನೂನಿನ ಕಲ್ಪನೆಯೇ ಸ್ವಲ್ಪ ಅಲುಗಾಡಬೇಕಿತ್ತು. ಆದರೆ ಕಥೆ ಲೂನಾಳನ್ನು ಒಂದು ಅಪಾಯವಾಗಿ ಮಾತ್ರ ಬಳಸಿಕೊಂಡಿತು. ಅವಳು ಬರುತ್ತಾಳೆ, ಬೆದರಿಕೆಯಾಗುತ್ತಾಳೆ, ನಾಯಕಿಯ ಜಾಗವನ್ನು ಕಸಿಯಲು ಹೊರಡುತ್ತಾಳೆ, ಪ್ರೇಮಿಗಳ ದಾರಿಗೆ ಇನ್ನೊಂದು ಅಡ್ಡಿಯಾಗುತ್ತಾಳೆ. ಅವಳೊಳಗೆ ಏನಿತ್ತು ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಲೂನಾ ಒಬ್ಬಳೇ ಅಲ್ಲ. ತೇ-ಉಲ್‌ಳ ಹಿರಿಯ ಸಹೋದ್ಯೋಗಿ ಕಾಂಗ್ ಶಿನ್-ಜೇಯನ್ನು ನೋಡಿ. ಅವನು ಮಗುವಾಗಿದ್ದಾಗ ಆ ಲೋಕದಿಂದ ತಂದು ಈ ಲೋಕದ ಇನ್ನೊಬ್ಬ ಮಗುವಿನ ಜಾಗದಲ್ಲಿ ಇಟ್ಟವನು. ದೊಡ್ಡವನಾದ ಮೇಲೆ ಒಂದು ದಿನ ಅವನಿಗೆ ಸತ್ಯ ತಿಳಿಯುತ್ತದೆ. ತಾನು ಅಮ್ಮ ಎಂದು ಕರೆದವಳು ತನ್ನನ್ನು ಹೆತ್ತವಳಲ್ಲ; ಹೆತ್ತವಳು ಇನ್ನೊಂದು ಲೋಕದ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ; ತನ್ನ ಹೆಸರೂ ತನ್ನದಲ್ಲ. ಹೆತ್ತವಳ ಋಣ ದೊಡ್ಡದೋ ಸಾಕಿದವಳ ಋಣ ದೊಡ್ಡದೋ ಎಂಬ ಪ್ರಶ್ನೆ ನಮ್ಮ ಹಳ್ಳಿಗಳ ಕಟ್ಟೆಯ ಮೇಲೂ ಚರ್ಚೆಯಾಗುವಂಥದ್ದು. ಅದೊಂದರ ಮೇಲೆಯೇ ಬೇರೆ ಧಾರಾವಾಹಿ ಕಟ್ಟಬಹುದು. ಇಲ್ಲಿ ಅವನು ಬಹುಮಟ್ಟಿಗೆ ನಾಯಕಿಯನ್ನು ಮೌನವಾಗಿ ಪ್ರೀತಿಸಿ ಸೋಲುವವನಾಗಿ ಉಳಿದ.

ಆ ಲೋಕದ ಪ್ರಧಾನಿ ಗೂ ಸೊ-ರ್ಯಂಗ್ ಮೀನು ಮಾರುವ ತಾಯಿಯ ಮಗಳು. ಆ ಮನೆಯಿಂದ ಬಂದು ದೇಶದ ಮೊದಲ ಮಹಿಳಾ ಪ್ರಧಾನಿಯಾದವಳು. ಅವಳ ಹಸಿವು, ಅವಳ ಛಲ, ಅಧಿಕಾರದ ಒಳಗೆ ಹೆಣ್ಣೊಬ್ಬಳು ಕಾಣುವ ಬಿಸಿಲು ನೆರಳು, ಇವೆಲ್ಲ ಕಥೆಗಾರರ ಕೈಯಲ್ಲಿದ್ದವು. ಬದಲಿಗೆ ಅವಳಿಗೆ ಕೊಟ್ಟದ್ದು ಸಾಮ್ರಾಟನನ್ನು ಮದುವೆಯಾಗಬೇಕೆಂಬ ಆಸೆ ಮತ್ತು ಬಗೆಬಗೆಯ ಉಡುಪು. ಮೊದಲ ಕಂತಿನಲ್ಲಿ ಅವಳ ಬಾಯಲ್ಲಿ ಒಳ ಉಡುಪಿನ ಬಗ್ಗೆ ಆಡಿಸಿದ ಮಾತೊಂದಕ್ಕೆ ಕೊರಿಯಾದಲ್ಲೇ ಆಕ್ಷೇಪ ಬಂತು.

ನನ್ನನ್ನು ಹೆಚ್ಚು ಕಾಡಿದ್ದು ಅರಮನೆಯ ಮುದುಕಿ, ಸಾಮ್ರಾಟನನ್ನು ಸಾಕಿ ಬೆಳೆಸಿದ ಹಿರಿಯ ಪರಿಚಾರಿಕೆ ನೋ. ಅವಳು ನಿಜಕ್ಕೂ ಈ ಲೋಕದವಳು. ಕೊರಿಯಾ ಯುದ್ಧದ ಕಾಲದಲ್ಲಿ ಆ ಲೋಕ ಸೇರಿದವಳು. ದಶಕಗಳ ನಂತರ ತೇ-ಉಲ್‌ಳನ್ನು ಕಂಡಾಗ ಅವಳು ಕೇಳುವುದು ಆ ಯುದ್ಧ ಏನಾಯಿತು ಎಂದು. ಆ ಯುದ್ಧ 1950ರ ಜೂನ್ 25ರಂದು ಶುರುವಾಗಿ 1953ರ ಜುಲೈ 27ರ ಕದನವಿರಾಮ ಒಪ್ಪಂದದಲ್ಲಿ ನಿಂತಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ, ನಾಡು ಇಂದಿಗೂ ಎರಡೇ. ಗಡಿಯ ಆಚೀಚೆ ಒಡಹುಟ್ಟಿದವರು ಪರಸ್ಪರ ಮುಖ ನೋಡದೆ ಮುದುಕರಾಗಿ ಸತ್ತ ದೇಶ ಅದು. ಒಂದೇ ಮುಖದ ಎರಡು ಬದುಕು ಎಂಬುದು ಆ ದೇಶಕ್ಕೆ ಮಾಂತ್ರಿಕ ಕಲ್ಪನೆಯೇನೂ ಅಲ್ಲ, ಗಾಯ. ಮನೆಗೆ ಹೋಗಲಾಗದ ಆ ಮುದುಕಿಯ ಒಂದು ಪ್ರಶ್ನೆಯಲ್ಲಿ ಇಡೀ ಧಾರಾವಾಹಿಗೆ ಬೇಕಾದ ಅರ್ಥವಿತ್ತು. ಆ ಒಂದು ದೃಶ್ಯ ಬಂತು, ಮನಸ್ಸು ಕಲಕಿತು, ಕಥೆ ಮುಂದೆ ಹೋಯಿತು. ಮತ್ತೆ ಅದರತ್ತ ಬೇಕಾದಷ್ಟು ತಿರುಗಿ ನೋಡಲಿಲ್ಲ.

ಹೀಗೆ ಕೈಬಿಟ್ಟ ಹೊತ್ತಿನಲ್ಲಿ ಕಥೆ ಏನು ಮಾಡುತ್ತಿತ್ತು? ನಾಯಕ ನಾಯಕಿಯರನ್ನು ಚೆಂದದ ಬೆಳಕಿನಲ್ಲಿ ನಿಲ್ಲಿಸುತ್ತಿತ್ತು. ಬಾಟಲಿಯ ಕಾಫಿ ಕುಡಿಸುತ್ತಿತ್ತು, ಮುಖಕ್ಕೆ ಲೇಪನ ಹಚ್ಚಿಸುತ್ತಿತ್ತು. ಜಾಹೀರಾತುದಾರರ ವಸ್ತುಗಳನ್ನು ದೃಶ್ಯಗಳೊಳಗೆ ತುರುಕಿದ್ದಕ್ಕೆ ಈ ಧಾರಾವಾಹಿ ತನ್ನ ದೇಶದಲ್ಲೇ ನಗೆಪಾಟಲಾಯಿತು. ಮೀನು ಮಾರುವವಳ ಮಗಳಿಗೆ ಸಿಗದ ಸಮಯ ಕಾಫಿ ಬಾಟಲಿಗೆ ಸಿಕ್ಕಿತು.

ಇಲ್ಲಿಯವರೆಗೆ ಹೇಳಿದ್ದನ್ನು ಬರೇ ಕಸುಬಿನ ದೋಷವೆಂದು ತಳ್ಳಿಹಾಕಬಹುದು. ಅದು ಅಷ್ಟೇ ಅಲ್ಲ ಎಂದು ನನಗೆ ಅನ್ನಿಸಿದ್ದು ಖಳನಾಯಕನ ಬಗ್ಗೆ ಯೋಚಿಸಿದಾಗ.

ಲೀ ಲಿಮ್ ಮಾಡುವ ಪಾಪ ಯಾವುದು? ಅಣ್ಣತಮ್ಮಂದಿರ ಸಿಂಹಾಸನದ ಜಗಳದಲ್ಲಿ ಕೊಲೆಯಾಗುವುದು ಇತಿಹಾಸಕ್ಕೆ ಹೊಸದಲ್ಲ. ಅವನ ನಿಜವಾದ ಪಾಪ ಬೇರೆ. ಈ ಲೋಕಕ್ಕೆ ಬಂದವನು ತನ್ನದೇ ಮುಖದ ಮನುಷ್ಯನನ್ನು ಕೊಂದು ಆ ಹೆಣವನ್ನು ತನ್ನ ಹೆಣವೆಂದು ಆ ಲೋಕಕ್ಕೆ ದಾಟಿಸುತ್ತಾನೆ. ಅಲ್ಲಿಂದ ಮುಂದೆ ಅದೇ ಅವನ ದಂಧೆ. ಬದುಕಿನಲ್ಲಿ ಸೋತವರನ್ನು ಹುಡುಕಿ, ನಿನ್ನದೇ ಮುಖದವರು ಅಲ್ಲಿ ಸುಖವಾಗಿದ್ದಾರೆ, ಆ ಜಾಗ ನಿನ್ನದಾಗಬಹುದು ಎನ್ನುತ್ತಾನೆ. ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಇಡುತ್ತಾನೆ. ಸತ್ತ ರಾಣಿಯ ಮುಖ ಹೊತ್ತ ಒಬ್ಬ ಬಡ ತಾಯಿಯ ಮಗುವನ್ನು ಕೊಂದು, ಆ ತಾಯಿಯನ್ನು ವರ್ಷಾನುಗಟ್ಟಲೆ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತಾನೆ. ಅವನ ಕಣ್ಣಿಗೆ ಮನುಷ್ಯರು ಚದುರಂಗದ ಕಾಯಿಗಳೂ ಅಲ್ಲ, ಬಿಡಿಭಾಗಗಳು. ಒಂದು ಕೆಟ್ಟರೆ ಅದೇ ಆಕಾರದ ಇನ್ನೊಂದನ್ನು ಜೋಡಿಸಬಹುದು ಎಂಬುದು ಅವನ ತತ್ವ.

ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಷ್ಟು ಹಿಂದೆಯೇ ನೀತಿಯ ಬಗ್ಗೆ ಬರೆಯುತ್ತ ವಿವರಿಸಿದ ಒಂದು ವಿಚಾರವುಂಟು. ವಸ್ತುಗಳಿಗೆ ಬೆಲೆಯಿದೆ, ಬೆಲೆಯಿರುವುದನ್ನು ಅಷ್ಟೇ ಬೆಲೆಯ ಇನ್ನೊಂದರಿಂದ ತುಂಬಬಹುದು. ಮನುಷ್ಯನಿಗಿರುವುದು ಘನತೆ, ಅದನ್ನು ಇನ್ನಾವುದರಿಂದಲೂ ತುಂಬಲಾಗದು. ಹಾಗಾಗಿ ಮನುಷ್ಯನನ್ನು ಬರೇ ಸಾಧನವಾಗಿ ಬಳಸುವುದು ಅನೀತಿ. ಮುಖ ಒಂದೇ ಆದರೂ ಇಬ್ಬರು ಒಬ್ಬರಲ್ಲ, ಒಬ್ಬರ ಜಾಗವನ್ನು ಇನ್ನೊಬ್ಬರು ತುಂಬಲಾರರು ಎಂದು ಹೇಳುವುದೇ ಈ ಧಾರಾವಾಹಿಯ ಆಶಯವೂ ಆಗಿತ್ತು. ಲೀ ಲಿಮ್ ಖಳನಾಗಿರುವುದು ಅದನ್ನು ಒಪ್ಪದ್ದರಿಂದ.

ಆದರೆ ಧಾರಾವಾಹಿ ತಾನೇ ಏನು ಮಾಡಿತು? ಲೂನಾಳನ್ನು, ಶಿನ್-ಜೇಯನ್ನು, ಪ್ರಧಾನಿಯನ್ನು, ಆ ಮುದುಕಿಯನ್ನು, ಮಗ ಸತ್ತ ತಾಯಿಯನ್ನು ಕರೆದು ತಂದಿತು. ಅವರವರ ನೋವನ್ನು ತೋರಿಸಿ ನಮ್ಮ ಕಣ್ಣು ಒದ್ದೆ ಮಾಡಿತು. ಬೇಕಾದಷ್ಟು ಕೆಲಸ ತೆಗೆಸಿಕೊಂಡ ಮೇಲೆ ಪಕ್ಕಕ್ಕಿಟ್ಟಿತು. ಅವರೆಲ್ಲ ಇಬ್ಬರ ಪ್ರೇಮಕ್ಕೆ ಬಿಡಿಭಾಗಗಳಾದರು. ಖಳನನ್ನು ಶಿಕ್ಷಿಸಿದ ಕಥೆ ಅವನ ತತ್ವವನ್ನು ಮಾತ್ರ ತನ್ನದಾಗಿಸಿಕೊಂಡಿತು. ನನ್ನ ನಿರಾಶೆಯ ಮೂಲ ಇದು. ಕಥೆ ಚೆನ್ನಾಗಿಲ್ಲ ಎಂಬ ದೂರಿಗಿಂತ ಇದು ಬೇರೆಯದು. ತಾನು ಆಡಿದ ಮಾತಿಗೆ ತಾನೇ ತಪ್ಪಿದವರ ಬಗ್ಗೆ ಹುಟ್ಟುವ ಬೇಸರ ಇದು.

ಇದಕ್ಕೆ ಆಕ್ಷೇಪಗಳಿರಬಹುದು. ಕಥೆಯೆಂದ ಮೇಲೆ ಒಂದು ನಡು ಇರಲೇಬೇಕಲ್ಲವೇ, ಎಲ್ಲರೂ ನಾಯಕರಾದರೆ ಕಥೆ ಸಂತೆಯಾಗುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಮಾತು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರ ತಮ್ಮ ಪುಸ್ತಕವೊಂದರಲ್ಲಿ ಪಾತ್ರಗಳನ್ನು ಚಪ್ಪಟೆ ಪಾತ್ರ, ದುಂಡು ಪಾತ್ರ ಎಂದು ವಿಂಗಡಿಸಿ, ಚಪ್ಪಟೆ ಪಾತ್ರಗಳಿಗೂ ಅವುಗಳದ್ದೇ ಉಪಯೋಗವಿದೆ ಎಂದು ತೋರಿಸಿದ್ದರು. ಬಾಗಿಲು ತೆರೆಯುವ ಕಾವಲುಗಾರನ ಬಾಲ್ಯವನ್ನೆಲ್ಲ ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಕಾವಲುಗಾರನನ್ನು ನಿಲ್ಲಿಸಿ, ಅವನ ಕಣ್ಣಲ್ಲಿ ನೀರು ತೋರಿಸಿ, ಅವನಿಗೊಬ್ಬ ತಾಯಿಯನ್ನು ಕೊಟ್ಟು, ಆಮೇಲೆ ಅವನನ್ನು ಮರೆತರೆ ಅದು ಮಾತಿಗೆ ತಪ್ಪಿದಂತೆ. ಪಾತ್ರ ಚಿಕ್ಕದಾಗಿರುವುದು ತಪ್ಪಲ್ಲ, ದೊಡ್ಡದೆಂದು ನಂಬಿಸಿ ಕೈಬಿಡುವುದು ತಪ್ಪು.

ಚಿಕ್ಕ ಜಾಗದಲ್ಲೂ ಪೂರ್ಣ ಮನುಷ್ಯನನ್ನು ತೋರಿಸಲು ಸಾಧ್ಯ ಎಂಬುದಕ್ಕೆ ನಮ್ಮ ಗೋವಿನ ಹಾಡೇ ಸಾಕ್ಷಿ. ಅದು ಪುಣ್ಯಕೋಟಿಯ ಕಥೆ. ಆದರೂ ಕೊನೆಯಲ್ಲಿ ಪಶ್ಚಾತ್ತಾಪಪಟ್ಟು ಪ್ರಾಣಬಿಡುವ ಹುಲಿಯನ್ನು ಯಾರು ಮರೆತಿದ್ದಾರೆ? ಕೆಲವೇ ಸಾಲುಗಳಲ್ಲಿ ಆ ಹಾಡು ಹುಲಿಗೂ ಒಂದು ಅಂತರಂಗವನ್ನು ಕೊಟ್ಟಿತು. ಕುವೆಂಪು 1967ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಮೇಲು ಕೀಳು, ಹಿರಿದು ಕಿರಿದು ಎಂಬ ಲೆಕ್ಕವನ್ನು ಹೊಸ್ತಿಲಲ್ಲೇ ಕಳಚಿಟ್ಟು ಒಳಗೆ ಬರುವಂತೆ ಓದುಗನನ್ನು ಕರೆಯುತ್ತದೆ. ಅಲ್ಲಿ ಜೀತದಾಳು ಗುತ್ತಿಯ ನಾಯಿ ಹುಲಿಯನೂ ಓದಿದವರ ಮನಸ್ಸಿನಲ್ಲಿ ಉಳಿಯುತ್ತಾನೆ.

ಇನ್ನೊಂದು ಆಕ್ಷೇಪ, ಇದು ಬರೇ ಮನರಂಜನೆ, ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂಬುದು. ಮನರಂಜನೆಯ ಹೆಸರಿನಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ಇದೇ ಲೇಖಕಿ ಕೊಟ್ಟಿದ್ದಾರೆ ಎಂಬುದೇ ನನ್ನ ಉತ್ತರ. ಈ ಧಾರಾವಾಹಿಯನ್ನು ಬರೆದ ಕಿಮ್ ಉನ್-ಸುಕ್ ಕೊರಿಯಾದ ಅತ್ಯಂತ ಹೆಸರುವಾಸಿ ಲೇಖಕಿಯರಲ್ಲಿ ಒಬ್ಬರು. 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಪ್ರಸಾರವಾದ 'ಗಾಬ್ಲಿನ್' ಅವರದ್ದೇ. ಅದೂ ಮಾಯೆಯ ಪ್ರೇಮಕಥೆ, ಅಲ್ಲಿಯ ನಾಯಕಿಯೂ ಕಿಮ್ ಗೋ-ಉನ್. ಆದರೆ ಅಲ್ಲಿ ಸತ್ತವರನ್ನು ಕರೆದೊಯ್ಯುವ ಸಾವಿನ ದೂತನೊಬ್ಬನಿದ್ದಾನೆ. ನಾಯಕನ ಮನೆಯಲ್ಲಿ ನಗೆ ಹುಟ್ಟಿಸುತ್ತ ಓಡಾಡುವ ಅವನೇ ಹಿಂದಿನ ಜನ್ಮದಲ್ಲಿ ನಾಯಕನಿಗೂ ಅವನ ತಂಗಿಗೂ ಅನ್ಯಾಯ ಮಾಡಿದ ರಾಜನೆಂದು ತಿಳಿದಾಗ, ಅವನ ಅಪರಾಧ, ನಾಚಿಕೆ, ಕ್ಷಮೆಯ ದಾರಿ ಎಲ್ಲವೂ ಕಥೆಯ ನಡುವಿಗೇ ಬರುತ್ತವೆ. ಕೋಳಿ ಖಾದ್ಯದ ಅಂಗಡಿ ನಡೆಸುವ ಸನ್ನಿ ಎಂಬವಳ ಪ್ರೀತಿ, ಅವಳು ತನ್ನ ಅಭಿಮಾನ ಬಿಡದೆ ತೆಗೆದುಕೊಳ್ಳುವ ನಿರ್ಧಾರ ನಾಯಕಿಯದ್ದಕ್ಕಿಂತ ಕಡಿಮೆ ತೂಕದ್ದಲ್ಲ. ಎರಡನೆಯ ಸಾಲಿನಲ್ಲಿ ನಿಂತವರಿಗೂ ಅಲ್ಲಿ ಬದುಕಿತ್ತು. ಹಾಗೆ ಮಾಡಬಲ್ಲವರು ಹೀಗೆ ಮಾಡಿದಾಗಲೇ ನಿರಾಶೆ ಹೆಚ್ಚು. ಕೈಲಾಗದವನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ.

ಕೊನೆಯ ಪ್ರಶ್ನೆ ಧಾರಾವಾಹಿಯ ಮುಕ್ತಾಯದ ಬಗ್ಗೆ. ಸಾಮ್ರಾಟ ಲೀ ಗೋನ್ 1994ರ ಆ ರಾತ್ರಿಗೆ ಹಿಂದಿರುಗಿ ಕಾಲವನ್ನೇ ತಿದ್ದುತ್ತಾನೆ. ಕೊಲೆಗಾರ ಸಾಯುತ್ತಾನೆ. ಅಲ್ಲಿಂದ ಮುಂದೆ ನಡೆದದ್ದೆಲ್ಲ ಅಳಿಸಿಹೋಗಿ, ಬೇರೊಂದು ಚರಿತ್ರೆ ಶುರುವಾಗುತ್ತದೆ. ಹಲವರ ಹಣೆಬರಹ ಕೆಲವೇ ನಿಮಿಷಗಳಲ್ಲಿ ಬದಲಾಗುತ್ತದೆ. ಪ್ರೇಮಿಗಳಿಬ್ಬರಿಗೂ ಹಳೆಯದೆಲ್ಲ ನೆನಪಿರುತ್ತದೆ. ನೊಂದವರಲ್ಲಿ ಹೆಚ್ಚಿನವರಿಗೆ ತಾವು ನೊಂದದ್ದೇ ನೆನಪಿರುವುದಿಲ್ಲ. ಆಮೇಲೆ ಆ ಇಬ್ಬರು ವಾರದ ಕೊನೆಯಲ್ಲಿ ಕೈಹಿಡಿದು ಬೇರೆ ಬೇರೆ ಲೋಕಗಳಲ್ಲಿ ಸುತ್ತಾಡುತ್ತ ಬದುಕುತ್ತಾರೆ.

ನೋಡಲು ಸುಖಾಂತ್ಯ. ಯೋಚಿಸಿದರೆ ಕಸಿವಿಸಿಯಾಗುತ್ತದೆ. ನೋವನ್ನು ಅಳಿಸುವುದೂ ನ್ಯಾಯ ಕೊಡುವುದೂ ಒಂದೇ ಅಲ್ಲ. ನ್ಯಾಯವೆಂದರೆ ನೊಂದವನ ಮುಂದೆ ನಿಂತು, ಹೌದು, ನಿನಗೆ ಅನ್ಯಾಯವಾಯಿತು ಎಂದು ಒಪ್ಪಿಕೊಳ್ಳುವುದು. ಅದಕ್ಕೆ ನೆನಪು ಬೇಕು. ಯುದ್ಧದಲ್ಲಿ, ಗಲಭೆಯಲ್ಲಿ ಮನೆಯವರನ್ನು ಕಳೆದುಕೊಂಡವರು ಲೋಕದ ಎಲ್ಲ ಕಡೆ ಕೇಳುವುದು ಇದನ್ನೇ: ನಮ್ಮವರ ಹೆಸರನ್ನಾದರೂ ಉಳಿಸಿ. ಸತ್ತ ಮಗುವನ್ನು ಮರಳಿ ಪಡೆಯುವ ಅವಕಾಶ ಸಿಕ್ಕರೆ ಯಾವ ತಾಯಿಯೂ ಬೇಡವೆನ್ನಲಾರಳು, ನಿಜ. ಕಾಲ ತಿದ್ದಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ದೊಡ್ಡ ನಿರ್ಧಾರ ಮಾಡುವ ಮೊದಲು ಶಿನ್-ಜೇ ಏನು ಹೇಳುತ್ತಿದ್ದ, ಸಾಕಿದ ತಾಯಿಯ ನೆನಪನ್ನು ಬಿಟ್ಟುಕೊಡಲು ಒಪ್ಪುತ್ತಿದ್ದನೇ, ಲೂನಾ ಏನು ಕೇಳುತ್ತಿದ್ದಳು ಎಂಬ ಚಿಂತೆ ಕಥೆಗೆ ಕಾಡಬೇಕಿತ್ತು. ಅದು ಕಾಡಲಿಲ್ಲ. ಎಲ್ಲರ ಬದುಕನ್ನೂ ಎಲ್ಲರ ಪರವಾಗಿ ಒಬ್ಬ ರಾಜ ತಿದ್ದಿದ, ಅದಕ್ಕೆ ಪ್ರೇಮವೆಂಬ ಹೆಸರು ಬಂತು.

ಲೇಖಕಿಯನ್ನೂ ನಿರ್ಮಾಪಕರನ್ನೂ ದೂರಿ ಸುಮ್ಮನಾಗಬಹುದು. ಆದರೆ ಅವರು ಹಾಗೆ ಮಾಡಿದ್ದು ಯಾರಿಗಾಗಿ? ಸೇನಾ ಸೇವೆ ಮುಗಿಸಿ ಬಂದ ಲೀ ಮಿನ್-ಹೋ ಎಂಬ ಜನಪ್ರಿಯ ನಟನ ಮೊದಲ ಧಾರಾವಾಹಿ ಇದು. ಅವನ ಮುಖ ಹೆಚ್ಚು ಹೊತ್ತು ಕಾಣಲಿ ಎಂದು ಬಯಸಿದವರು ನೋಡುಗರೇ. ನಾನೂ ಒಪ್ಪಿಕೊಳ್ಳಬೇಕು. ಪ್ರಧಾನಿಯ ತಾಯಿ ಬಂದಾಗ, ಶಿನ್-ಜೇಯ ಮನೆಯ ಸಂಕಟ ಬಂದಾಗ, "ಇದು ಬೇಡ, ಮುಂದೆ ಓಡಿಸು" ಎಂದು ಮಗಳಿಗೆ ಹೇಳಿದವನು ನಾನೇ. ರಿಮೋಟ್ ಕೈಯಲ್ಲಿದ್ದಾಗ ನಾವೂ ಮನುಷ್ಯರನ್ನು ಮುಖ್ಯರು, ಅಮುಖ್ಯರು ಎಂದು ವಿಂಗಡಿಸುತ್ತೇವೆ. ಟಿವಿ ಆರಿಸಿದ ಮೇಲೆ ಆ ಅಭ್ಯಾಸ ಅಲ್ಲಿಯೇ ನಿಲ್ಲುತ್ತದೆ ಎನ್ನಲು ನನಗೆ ಧೈರ್ಯವಿಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಕಥೆಯೊಂದಿದೆ. ಬಡತನದಲ್ಲಿ ಹುಟ್ಟಿ, ದಿನಾ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿ, ಓದಿ, ನೌಕರಿ ಹಿಡಿದ ಕಥೆ. ನಾನು ಅದನ್ನು ಮಕ್ಕಳಿಗೂ ಗೆಳೆಯರಿಗೂ ಎಷ್ಟೋ ಸಲ ಹೇಳಿದ್ದೇನೆ. ಆ ಕಥೆಯಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ, ಒಂದೇ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ: ಅತ್ತೆ ಬೀಡಿ ಕಟ್ಟಿ ಫೀಸು ಕೊಟ್ಟರು. ಅಷ್ಟೇ. ಅತ್ತೆಯೂ ಶಾಲೆಗೆ ಹೋಗುತ್ತಿದ್ದರೇ, ಯಾವ ತರಗತಿಯಲ್ಲಿ ಬಿಟ್ಟರು, ಬಿಡುವಾಗ ಅತ್ತರೇ, ಇದನ್ನು ನಾನು ಎಂದೂ ಕೇಳಿರಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿದ, ಹೆಚ್ಚುಕಡಿಮೆ ಒಂದೇ ಮುಖದ ಇಬ್ಬರಲ್ಲಿ ಒಬ್ಬರಿಗೆ ಕಥೆ ಸಿಕ್ಕಿತು, ಇನ್ನೊಬ್ಬರಿಗೆ ಒಂದು ವಾಕ್ಯ.

ಆ ರಾತ್ರಿ ಊಟದ ಹೊತ್ತಿಗೆ ಅಮ್ಮನನ್ನು ಅತ್ತೆಯ ಬಗ್ಗೆ ಕೇಳಿದೆ. ಅಮ್ಮ ಅಚ್ಚರಿಯಿಂದ ನನ್ನ ಮುಖ ನೋಡಿದರು. ಆಮೇಲೆ ಹೇಳತೊಡಗಿದರು. ಅತ್ತೆ ನಾಲ್ಕನೆಯ ತರಗತಿಯವರೆಗೆ ಓದಿದ್ದರಂತೆ. ಲೆಕ್ಕದಲ್ಲಿ ಅಪ್ಪನಿಗಿಂತ ಚುರುಕಾಗಿದ್ದರಂತೆ. ಶಾಲೆ ಬಿಟ್ಟ ಮೇಲೂ ಬಹಳ ದಿನ ತಮ್ಮನ ಪುಸ್ತಕವನ್ನು ಬೀಡಿ ಎಲೆಯ ಮೊರದ ಅಡಿಯಲ್ಲಿ ಇಟ್ಟುಕೊಂಡು, ಯಾರೂ ಇಲ್ಲದ ಹೊತ್ತಿನಲ್ಲಿ ತೆಗೆದು ನೋಡುತ್ತಿದ್ದರಂತೆ. ಮಗಳು ಮೊಬೈಲ್ ಬದಿಗಿಟ್ಟು ಕೇಳುತ್ತಿದ್ದಳು.

ಅಮ್ಮ ಹೇಳಿ ಮುಗಿಸಿದಾಗ ಅನ್ನ ಆರಿ ತಣ್ಣಗಾಗಿತ್ತು. ಅತ್ತೆ ತೀರಿಕೊಂಡು ವರ್ಷಗಳಾಗಿವೆ; ಇನ್ನು ಅವರನ್ನೇ ಕೇಳುವಂತಿಲ್ಲ. ಕಾಲವನ್ನು ಹಿಂದಕ್ಕೆ ತಿರುಗಿಸುವ ಕೊಳಲು ನಮ್ಮ ಮನೆಯಲ್ಲಿಲ್ಲ. ಅಪ್ಪನ ಕಥೆಯನ್ನು ಇನ್ನು ಮುಂದೆ ಹೇಳುವಾಗ ಆ ಒಂದು ವಾಕ್ಯದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದಷ್ಟೇ ನನ್ನಿಂದಾಗುವುದು.